ತಳಕಿನ ಬಸ್ಸಿನಲ್ಲಿ ಬಂದ ಒತ್ತಕ್ಷರ

ಬೆಳಗಿನ ಐದೂವರೆ. ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಟೀ ಅಂಗಡಿಯೊಂದು ಬಿಟ್ಟರೆ ಬೇರೇನೂ ತೆರೆದಿಲ್ಲ. ಶೇಂಗಾ ಚೀಲ ಹೇರಿಕೊಂಡ ಲಾರಿಗಳು ಎಣ್ಣೆ ಮಿಲ್ಲುಗಳ ಕಡೆ ನಿಧಾನಕ್ಕೆ ಹೊರಳುತ್ತಿವೆ. ಗಾಳಿಯಲ್ಲಿ ಹಿಂಡಿಯ ವಾಸನೆ. ಮೊದಲ ಮಹಡಿಯ ಕಂಪ್ಯೂಟರ್ ತರಬೇತಿ ಕೇಂದ್ರದ ಷಟರನ್ನು ರೂಪ ಎರಡೂ ಕೈಯಿಂದ ಎತ್ತುತ್ತಾರೆ. ಅರ್ಧಕ್ಕೆ ಬಂದು ಅದು ಸಿಕ್ಕಿಕೊಳ್ಳುತ್ತದೆ. ಕಾಲಿನಿಂದ ಒಂದು ಒದೆ ಕೊಟ್ಟರೆ ಮೇಲಕ್ಕೆ ಹೋಗುತ್ತದೆ.

ಒಳಗೆ ಮೂಲೆಯಲ್ಲೊಂದು ಕಂಪ್ಯೂಟರು ರಾತ್ರಿಯಿಡೀ ಎಚ್ಚರವಾಗಿದೆ. ದೂರವಾಣಿಯವರ ಬ್ರಾಡ್‌ಬ್ಯಾಂಡ್ ಯೋಜನೆಯಲ್ಲಿ ನಡುರಾತ್ರಿ ಕಳೆದ ಮೇಲೆ ಬೆಳಿಗ್ಗೆ ಎಂಟರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ರೂಪ ಹಿಂದಿನ ಸಂಜೆಯೇ ಎಲ್ಲ ಹೊಂದಿಸಿಟ್ಟು ಹೋಗಿರುತ್ತಾರೆ. ಈಗ ಪರದೆಯ ಮೇಲೆ ಇಂಗ್ಲಿಷಿನ ಸಾಲುಗಳು ಒಂದರ ಕೆಳಗೊಂದು ನಿಂತಿವೆ. ಅವರು ನಿಂತುಕೊಂಡೇ ಅವುಗಳ ಮೇಲೆ ಕಣ್ಣಾಡಿಸುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ.

“ಇದು ಅರ್ಧಕ್ಕೇ ನಿಂತೈತೆ ನೋಡ್ರಿ. ರಾತ್ರಿ ಲೈನ್ ಹೋಗಿರ್ಬೇಕು. ಇದೊಂದು ಬರಲಿ, ಆಮ್ಯಾಲೆ ಹೊರಡಾಣ,” ಎನ್ನುತ್ತಾರೆ.

ಅದು ಬರುವಷ್ಟರಲ್ಲಿ ಕೆಳಗಿನಿಂದ ಎರಡು ಟೀ ಬರುತ್ತದೆ. ಇಳಿಸಿಕೊಂಡದ್ದೆಲ್ಲ ಅಂಗೈಯಗಲದ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಆ ಡಿಸ್ಕು ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಸ್ಟೀಲಿನ ಟಿಫನ್ ಡಬ್ಬಿಯೊಳಗೆ ಕೂರುತ್ತದೆ. ಡಬ್ಬಿ ಚೀಲಕ್ಕೆ, ಚೀಲ ಹೆಗಲಿಗೆ. ಏಳು ಗಂಟೆಯ ಬಳ್ಳಾರಿ ಬಸ್ಸಿಗೆ ರೂಪ ಓಡುತ್ತಾರೆ, ಹಿಂದೆ ಅವರ ಕೆಲಸ ನೋಡಿ ಬರೆಯಲು ಬಂದ ನಾನು.

ಈ ಡಬ್ಬಿಯೊಳಗೆ ಇರುವುದಕ್ಕೆ ಅಪ್‌ಡೇಟ್ ಎಂದು ಹೆಸರು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳ ಹದಿನಾಲ್ಕು ಕಡೆ, ಅಂದರೆ ಶಾಲೆಗಳು, ಒಂದು ಗ್ರಂಥಾಲಯ, ಹಾಲಿನ ಡೇರಿ, ನೇಕಾರರ ಸಂಘ, ಹೀಗೆ ಐವತ್ತಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ರೂಪ ಒಬ್ಬರೇ ನೋಡಿಕೊಳ್ಳುತ್ತಾರೆ. ಎಲ್ಲವೂ ದೊಡ್ಡ ಊರಿನ ಕಚೇರಿಗಳು ಬಳಸಿ ಬಿಟ್ಟವು. ಚಿತ್ರದುರ್ಗದ ಸ್ವಯಂಸೇವಾ ಸಂಸ್ಥೆಯೊಂದು ಅವನ್ನು ತಂದು ಹಳ್ಳಿಗಳಿಗೆ ಕೊಟ್ಟಿತು. ಬೆಲೆ ಕೊಟ್ಟು ತಂತ್ರಾಂಶ ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ. ಕದ್ದ ಪ್ರತಿ ಹಾಕಲು ಸಂಸ್ಥೆ ಒಪ್ಪಲಿಲ್ಲ. ಉಳಿದದ್ದು ಲಿನಕ್ಸ್. ಜಗತ್ತಿನ ನಾನಾ ಮೂಲೆಯ ಜನ ಕೂಡಿ ಕಟ್ಟಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂದು ಬಿಟ್ಟಿರುವ ವ್ಯವಸ್ಥೆ ಅದು.

ಅದು ಒಂದೇ ಇಡಿಯ ವಸ್ತುವಲ್ಲ. ಸಾವಿರಾರು ಸಣ್ಣ ಸಣ್ಣ ಕಟ್ಟುಗಳು ಸೇರಿ ಆದದ್ದು. ಕಟ್ಟಿಗೆ ಪ್ಯಾಕೇಜ್ ಎನ್ನುತ್ತಾರೆ. ಅಕ್ಷರ ತೋರಿಸಲು ಒಂದು, ಮುದ್ರಿಸಲು ಒಂದು, ಪತ್ರ ಬರೆಯಲು ಇನ್ನೊಂದು. ಪ್ರತಿ ವಾರ ಯಾವುದಾದರೂ ಕಟ್ಟಿನಲ್ಲಿ ಯಾರಾದರೂ ತಪ್ಪು ಕಂಡುಹಿಡಿದು ತಿದ್ದಿರುತ್ತಾರೆ. ತಿದ್ದಿದ್ದನ್ನು ತಂದು ಹಳೆಯದರ ಜಾಗದಲ್ಲಿ ಕೂರಿಸಬೇಕು. ಇಂಟರ್ನೆಟ್ ಇರುವ ಕಡೆ ಕಂಪ್ಯೂಟರೇ ತರಿಸಿಕೊಳ್ಳುತ್ತದೆ. ತಳಕಿನಲ್ಲಿ, ನನ್ನಿವಾಳದಲ್ಲಿ ರೂಪ ಬಸ್ಸಿನಲ್ಲಿ ತರುತ್ತಾರೆ.

“ಒಂದು ಹಾಕಿದ್ರೆ ಮುಗೀತು ಅಂತಿಲ್ಲ ಸರ್,” ಬಸ್ಸಿನ ಸದ್ದಿನ ಮೇಲೆ ದನಿ ಎತ್ತಿ ಹೇಳುತ್ತಾರೆ. “ಮದುವೆಗೆ ಒಬ್ರನ್ನ ಕರೆದ್ರೆ ಅವರ ಬೀಗರನ್ನೂ ಕರೀಬೇಕಲ್ಲ, ಹಂಗೆ. ಈ ಪ್ಯಾಕೇಜು ಬೇಕು ಅಂದ್ರೆ ಅದು ಇನ್ನೊಂದನ್ನ ಕೇಳ್ತೈತೆ. ಅದು ಮತ್ತೊಂದನ್ನ. ಯಾರನ್ನಾರ ಬಿಟ್ಟು ಬಂದಿದ್ರೆ ಅಲ್ಲಿ ಹೋದ ಮ್ಯಾಲೆ ಗೊತ್ತಾಗದು. ವಾಪಸ್ ಚಳ್ಳಕೆರೆಗೆ ಬರಬೇಕು.”

ರೂಪ ನನ್ನಿವಾಳದವರು. ಅಪ್ಪ ಚಿಕ್ಕೀರಪ್ಪನವರದು ಕುರಿ ಮಂದೆ, ಒಂದಿಷ್ಟು ಖುಷ್ಕಿ ಹೊಲ. ಅವ್ವ ಬೊಮ್ಮಕ್ಕ ಹೊಲಕ್ಕೂ ಹೋಗುತ್ತಾರೆ, ಕೂಲಿಗೂ ಹೋಗುತ್ತಾರೆ. ಮನೆಯಲ್ಲಿ ಪಿಯುಸಿ ಮುಗಿಸಿದ ಮೊದಲಿಗರು ರೂಪ. ಆಮೇಲೆ ಚಳ್ಳಕೆರೆಯ ಈ ತರಬೇತಿ ಕೇಂದ್ರಕ್ಕೆ ಸೇರಿ ಟೈಪಿಂಗು, ಲೆಕ್ಕಪತ್ರ ಕಲಿತರು. ಕಲಿತ ಮೇಲೆ ಅಲ್ಲೇ ಕಲಿಸಲು ನಿಂತರು.

ಕೇಂದ್ರದ ಮಾಲೀಕ ಸಿದ್ದಲಿಂಗೇಶ್ ಎಣ್ಣೆ ಮಿಲ್ಲಿನ ಮನೆತನದವರು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿಡಿಯನ್ನು ಒಂದು ಭಾನುವಾರ ಹಾಕಿ ನೋಡಿದ್ದು ಅವರೇ. “ಕಪ್ಪು ಪರದೆ ಬಂತು, ಅದರಾಗೆ ಒಂದು ಗೆರೆ ಮಿಣಮಿಣ ಅಂತಿತ್ತು. ನಾನು ಕೈ ಮುಗಿದು ಎದ್ದೆ. ಇವಳು ಕೂತಳು ನೋಡ್ರಿ, ಇವತ್ತಿಗೂ ಎದ್ದಿಲ್ಲ,” ಎಂದು ಅವರು ನಗುತ್ತಾರೆ. ಸಂಸ್ಥೆಯವರು ಹಳ್ಳಿಗಳ ಕಂಪ್ಯೂಟರು ನೋಡಿಕೊಳ್ಳಲು ಜನ ಹುಡುಕಿದಾಗ ರೂಪ ಅವರ ಹೆಸರು ಹೇಳಿದ್ದೂ ಅವರೇ. ಅದು 2004ರ ಮಾತು. ಬ್ರಾಡ್‌ಬ್ಯಾಂಡ್ ಬರುವ ತನಕ ಅಂಚೆಯಲ್ಲಿ ಸಿಡಿ ತರಿಸಿಕೊಂಡು ಕೆಲಸ ಸಾಗಿಸಿದರು.

ಮೊದಮೊದಲು ಅಪ್ಪನಿಗೆ ಮಗಳ ಕೆಲಸ ಏನೆಂದೇ ತಿಳಿಯಲಿಲ್ಲ.

“ನೀನು ಮಾಡಾದು ಏನವ್ವಾ? ಕೆಟ್ಟಿದ್ದು ರಿಪೇರಿ ಮಾಡ್ತೀಯಾ?” ಎಂದು ಚಿಕ್ಕೀರಪ್ಪ ಕೇಳಿದ್ದರಂತೆ.

“ಇಲ್ಲ ಕಣಪ್ಪಾ. ಮಳೆಗಾಲಕ್ಕೆ ಮುಂಚೆ ಕುರಿಗೆ ಔಷಧಿ ಕುಡಿಸ್ತೀಯಲ್ಲ, ಹಂಗೆ.”

“ಕಾಯಿಲೆ ಬರಾಕೆ ಮುಂಚೇನಾ?”

“ಹೂಂ, ಮುಂಚೇನೇ.”

ಚಿಕ್ಕೀರಪ್ಪ ಬೀಡಿ ಎಳೆದು, “ಹಂಗಾದ್ರೆ ನೀನು ಮಾಡಿದ್ದು ಯಾರಿಗೂ ಗೊತ್ತಾಗಲ್ಲ ಬಿಡು,” ಎಂದರಂತೆ. ಇದನ್ನು ಹೇಳುವಾಗ ರೂಪ ಬಸ್ಸಿನ ಕಿಟಕಿಗೆ ಹಣೆ ಆನಿಸಿ ಗಟ್ಟಿಯಾಗಿ ನಗುತ್ತಾರೆ.

ಗೊತ್ತಾಗುವುದು ಕೆಟ್ಟಾಗ ಮಾತ್ರ. ಮೊದಲ ವರ್ಷವೇ ಒಂದು ಶಾಲೆಯಲ್ಲಿ ಅಪ್‌ಡೇಟ್ ನಡುವೆ ಕರೆಂಟು ಹೋಗಿ ನಾಲ್ಕು ಕಂಪ್ಯೂಟರು ಏಳದೆ ಕೂತವು. ಹೊಸದು ಅರ್ಧ ಕೂತಿತ್ತು, ಹಳೆಯದು ಅರ್ಧ ಎದ್ದಿತ್ತು. ಮುಖ್ಯೋಪಾಧ್ಯಾಯರು ಅವಕ್ಕೆ ಪ್ಲಾಸ್ಟಿಕ್ ಹೊದಿಸಿ, ಬೀಗ ಹಾಕಿ, “ಇನ್ನು ಮುಟ್ಟಬ್ಯಾಡಮ್ಮ,” ಎಂದರು. ಬೀಗ ತೆಗೆಸಲು ರೂಪ ಹತ್ತಾರು ಸಲ ಹೋಗಬೇಕಾಯಿತು. ಅರ್ಧಕ್ಕೆ ನಿಂತದ್ದನ್ನು ಮುಂದುವರಿಸುವ ಬಗೆಯನ್ನು ಆ ಬೀಗದ ಹೊರಗೆ ನಿಂತ ದಿನಗಳಲ್ಲೇ ಕಲಿತರು. ಬೀಗ ತೆಗೆದ ದಿನ ನಾಲ್ಕೂ ಎದ್ದವು.

ಆದರೆ ರೂಪ ಅವರ ಕೆಲಸದ ಕತೆ ಎಂದರೆ ಮೊಳಕಾಲ್ಮೂರಿನದು. ಅದು ಕಳೆದ ವರ್ಷ, 2007ರ ಮೇ ತಿಂಗಳಲ್ಲಿ ನಡೆದದ್ದು.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಗೊತ್ತಿಲ್ಲದವರಿಲ್ಲ. ಅದನ್ನು ನೇಯುವವರ ಹೆಸರು ಗೊತ್ತಿರುವವರೂ ಇಲ್ಲ. ಸೀರೆಯ ಮೇಲೆ ಇರುವುದು ಅಂಗಡಿಯ ಹೆಸರು. ಅಲ್ಲಿನ ನೇಕಾರರ ಒಂದು ಸಣ್ಣ ಸಂಘ ಆ ವರ್ಷ ಬೆಂಗಳೂರಿನ ಪ್ರದರ್ಶನವೊಂದಕ್ಕೆ ತಾನೇ ಸೀರೆ ಕಳಿಸುವುದೆಂದು ನಿಶ್ಚಯಿಸಿತು. ಪ್ರತಿ ಸೀರೆಗೂ ಒಂದು ಚೀಟಿ ಕಟ್ಟುವುದು, ಚೀಟಿಯಲ್ಲಿ ನೇಯ್ದವರ ಹೆಸರು, ಊರು, ಜಿಲ್ಲೆ ಕನ್ನಡದಲ್ಲಿ ಅಚ್ಚಾಗಿರುವುದು ಎಂದೂ ತೀರ್ಮಾನವಾಯಿತು. ಚೀಟಿ ಮಾಡುವ ಕೆಲಸ ಸಂಘದ ಗುಮಾಸ್ತೆ ಮಂಗಳಗೌರಿಯವರದು. ನಲವತ್ತು ದಾಟಿದ ಅವರು ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವುದನ್ನು ರೂಪ ಅವರಿಂದಲೇ ಕಲಿತವರು.

ಸೀರೆ ಹೋಗಬೇಕಾದ ದಿನ ಬೆಳಿಗ್ಗೆ ರೂಪ ಎಂದಿನಂತೆ ಬಂದು ಅಪ್‌ಡೇಟ್ ಹಾಕಿದರು. ಎಲ್ಲ ಸರಾಗವಾಗಿ ಮುಗಿಯಿತು. ಅವರು ಪಕ್ಕದಲ್ಲಿ ಕೂತು ಟೀ ಕುಡಿಯುತ್ತಿರುವಾಗ ಮಂಗಳಗೌರಿ ಮೊದಲ ಹಾಳೆ ಮುದ್ರಿಸಿದರು. ಹಾಳೆ ಹೊರಗೆ ಬಂತು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು.

“ರೂಪಾ, ಇದೇನೇ ಇದು? ಒತ್ತಕ್ಷರ ಎಲ್ಲ ಕೆಳಗಿಂದ ಎದ್ದು ಪಕ್ಕಕ್ಕೆ ಬಂದು ಕೂತಾವೆ!”

ಊರಿನ ಹೆಸರು ‘ಮೊಳಕಾಲ್‌ಮೂರು’ ಎಂದಾಗಿತ್ತು. ಲಕಾರದ ಕೆಳಗೆ ಇರಬೇಕಾದ ಮಕಾರದ ಒತ್ತು ಇಳಿದಿರಲಿಲ್ಲ. ಹಿರಿಯ ನೇಕಾರ ಪಾಲಣ್ಣನವರ ಹೆಸರು ‘ಪಾಲಣ್‌ಣ’ ಆಗಿತ್ತು. ಆ ಹೊತ್ತಿಗೆ ಪಾಲಣ್ಣ ಅಲ್ಲೇ ಬಾಗಿಲಲ್ಲಿದ್ದರು. ತಮ್ಮ ಹೆಸರು ಅಚ್ಚಾಗುವುದನ್ನು ನೋಡಲೆಂದೇ ಮಗ್ಗ ಬಿಟ್ಟು ಬಂದವರು. ಮನೆಯಲ್ಲಿ ತೆಲುಗು, ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ ಕನ್ನಡ. ಹಾಳೆ ತೆಗೆದುಕೊಂಡು ಅಕ್ಷರ ಅಕ್ಷರವಾಗಿ ಓದಿದರು.

“ಏಮಮ್ಮಾ ಇದಿ? ಇದು ನನ್ನ ಹೆಸರಲ್ಲ,” ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ. “ಇಷ್ಟು ವರ್ಷ ಸೀರೆ ಮ್ಯಾಲೆ ಅಂಗಡಿಯೋರ ಹೆಸರು ಇತ್ತು. ನನ್ನ ಹೆಸರು ಬರೋ ಹೊತ್ತಿಗೆ ಅದಕ್ಕೆ ಕೈಕಾಲು ಮುರದೈತೆ.”

ರೂಪ ಅವರಿಗೆ ಆ ಮಾತು ಇವತ್ತಿಗೂ ಕಿವಿಯಲ್ಲಿದೆ. “ಬೈದಿದ್ರೆ ಚೆನ್ನಾಗಿತ್ತು ಸರ್. ಅವರು ಹಾಳೆನ ಮಡಚಿ ಜೇಬಿಗೆ ಇಟ್ಕಂಡ್ರು.”

ಸಂಘದ ಕಾರ್ಯದರ್ಶಿ ಮುರುಗೇಂದ್ರಪ್ಪ ಒಳಗಿನಿಂದ ಬಂದರು. ಅವರಿಗೆ ಈ ಪುಕ್ಕಟೆ ವ್ಯವಸ್ಥೆಯ ಮೇಲೆ ಮೊದಲಿಂದಲೂ ನಂಬಿಕೆ ಇರಲಿಲ್ಲ. “ನೋಡವ್ವಾ, ಪುಗಸಟ್ಟೆ ಬಂದಿದ್ದು ಇಷ್ಟೇಯ. ಬಳ್ಳಾರಿಯಿಂದ ನಮ್ಮ ಕಡೆ ಹುಡುಗ ಒಬ್ಬ ಬರ್ತಾನೆ, ಇದನ್ನ ತೆಗೆಸಿ ಬೇರೆ ಹಾಕಿಸಿಬಿಡ್ತೀನಿ. ಸಂಜೆ ಬಸ್ಸಿಗೆ ಮಾಲು ಹೋಗಬೇಕು,” ಎಂದರು.

“ಕೈಲಿ ಬರೆದುಬಿಡ್ಲೇನ್ರಿ?” ಎಂದು ಮಂಗಳಗೌರಿ ಕೇಳಿದರು.

“ಪ್ರದರ್ಶನದೋರು ಅಚ್ಚಾಗಿದ್ದೇ ಬೇಕು ಅಂದಾರೆ.”

ರೂಪ ಎದ್ದು ನಿಂತರು. “ಸಂಜೆ ಬಸ್ಸಿಗೆ ಮುಂಚೆ ಸರಿ ಮಾಡಿಕೊಡ್ತೀನಿ ಸರ್. ಆಗಲಿಲ್ಲ ಅಂದ್ರೆ ನೀವು ಹೇಳಿದಂಗೆ ಮಾಡ್ರಿ.”

ಹೇಳಿದ್ದೇನೋ ಹೇಳಿದರು. ಕನ್ನಡದ ಅಕ್ಷರಗಳನ್ನು ಜೋಡಿಸಿ ತೋರಿಸುವ ಪ್ಯಾಕೇಜು ಅವತ್ತಿನ ಕಟ್ಟಿನಲ್ಲಿ ಹೊಸದಾಗಿ ಬಂದಿತ್ತು. ತಪ್ಪು ಅಲ್ಲೇ ಎಂದು ಬೇಗ ತಿಳಿಯಿತು. ಅದನ್ನು ತೆಗೆದು ಹಳೆಯದನ್ನು ವಾಪಸ್ ಕೂರಿಸಿದರೆ ಸಾಕು. ಆದರೆ ಹಳೆಯದು ಎಲ್ಲಿದೆ? ಜಾಗ ಸಾಲದೆಂದು ರೂಪ ತಮ್ಮ ಡಿಸ್ಕಿನಿಂದ ಹಳೆಯದನ್ನು ಅಳಿಸಿದ್ದರು. ಸಂಘದ ಕಂಪ್ಯೂಟರಿನಲ್ಲೂ ಅದೇ ಕಾರಣಕ್ಕೆ ಅಳಿಸಿದ್ದರು. ಚಳ್ಳಕೆರೆಗೆ ಹೋಗಿ ಇಳಿಸಿಕೊಳ್ಳೋಣವೆಂದರೆ ಕಟ್ಟುಗಳು ಬರುವ ಇಂಟರ್ನೆಟ್ಟಿನ ಮೂಲದಲ್ಲೂ ಹೊಸದು ಬಂದೊಡನೆ ಹಳೆಯದು ಹೋಗಿರುತ್ತದೆ.

ಯಾವ ಕಂಪ್ಯೂಟರಿಗೆ ಈ ಸಲ ಅಪ್‌ಡೇಟ್ ಹಾಕಿಲ್ಲ ಎಂದು ಅವರು ಒಂದೊಂದೇ ಊರು ನೆನೆಸಿಕೊಂಡರು. ತಳಕಿನ ಪ್ರೌಢಶಾಲೆ! ಅಲ್ಲಿ ಯುಪಿಎಸ್ ಸುಟ್ಟುಹೋಗಿ ಎರಡು ವಾರದಿಂದ ಏನೂ ಮಾಡಿರಲಿಲ್ಲ. ಕಳೆದ ಸಲ ಹಾಕಿದ ಹಳೆಯ ಕಟ್ಟುಗಳು ಅಲ್ಲಿನ ಕಂಪ್ಯೂಟರಿನ ಹೊಟ್ಟೆಯಲ್ಲಿ ಹಾಗೇ ಇರಬೇಕು.

ಬೇಸಿಗೆ ರಜೆ. ಶಾಲೆಯ ಬೀಗದ ಕೈ ಇರುವುದು ಕನ್ನಡ ಮೇಷ್ಟ್ರು ಓಂಕಾರಮೂರ್ತಿಯವರ ಬಳಿ. ಫೋನು ಮಾಡಿದರೆ ಅವರು ಸಂಬಂಧಿಕರ ಗೃಹಪ್ರವೇಶದ ಊಟಕ್ಕೆ ಕೂತಿದ್ದಾರೆ. “ಬಾರವ್ವಾ, ಇಲ್ಲೇ ತಳಕಿನಾಗೇ ಐದೀನಿ,” ಎಂದರು. ರೂಪ ಸಿಕ್ಕ ಬಸ್ಸು ಹತ್ತಿ ತಳಕಿನಲ್ಲಿ ಇಳಿಯುವ ಹೊತ್ತಿಗೆ ಮೇಷ್ಟ್ರು ರೇಷ್ಮೆ ಪಂಚೆಯಲ್ಲೇ ಬಂದು ಶಾಲೆಯ ಬಾಗಿಲು ತೆರೆದಿದ್ದರು. ರೂಪ ಸ್ವಿಚ್ ಒತ್ತಿದರು. ಕರೆಂಟಿಲ್ಲ.

“ಹನ್ನೊಂದಕ್ಕೆ ಹೋತು ಕಣವ್ವಾ. ಇನ್ನು ಬರಾದು ಆರಕ್ಕೆ,” ಎಂದರು ಮೇಷ್ಟ್ರು.

ಆರಕ್ಕೆ ಬಂದರೆ ಏನು ಪ್ರಯೋಜನ? ಸಂಜೆಯ ಬಸ್ಸು ಅಷ್ಟರಲ್ಲಿ ಮೊಳಕಾಲ್ಮೂರು ಬಿಟ್ಟಿರುತ್ತದೆ. ರೂಪ ಆ ಸತ್ತ ಕಂಪ್ಯೂಟರಿನ ಮುಂದೆ ಬೆಂಚಿನ ಮೇಲೆ ಕೂತರು. ಆಮೇಲೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು.

“ಸರ್, ಇದರ ಡಿಸ್ಕ್ ಬಿಚ್ಚಿಕೊಂಡು ಹೋಗ್ತೀನಿ. ಅಲ್ಲಿ ಜೋಡಿಸಿ ಬೇಕಾದ್ದು ತಕ್ಕಂಡು, ನಾಳೆ ತಂದು ಹಾಕ್ತೀನಿ.”

ಓಂಕಾರಮೂರ್ತಿ ಕೈ ಅಡ್ಡ ಹಿಡಿದರು. “ಶಾಲೆ ಸೊತ್ತು ಕಣವ್ವಾ ಇದು! ಹಿಂಗೆ ಬಿಚ್ಚಿ ಕಳಿಸಿದೆ ಅಂದ್ರೆ ಹೆಡ್ ಮಾಸ್ಟ್ರು ನನ್ನ ಬಿಡ್ತಾರಾ? ಅದರಾಗೆ ಮಕ್ಕಳ ಅಂಕಪಟ್ಟಿ ಐತೆ.”

“ಪಾಲಣ್ಣನ ಹೆಸರು ಕೆಟ್ಟೈತೆ ಸರ್,” ಎಂದಷ್ಟೇ ರೂಪ ಹೇಳಿದರು. ಆಮೇಲೆ ನಡೆದದ್ದನ್ನೆಲ್ಲ ವಿವರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದವರು ಅವರು. ಕೊನೆಗೆ, “ಬಿಚ್ಚು. ಆದ್ರೆ ಇದನ್ನ ಒಂದನ್ನೇ ಕಳಿಸಕ್ಕಾಗಲ್ಲ. ನಾನೂ ಬರ್ತೀನಿ,” ಎಂದರು.

ಹೀಗೆ ತಳಕಿನ ಪ್ರೌಢಶಾಲೆಯ ಹಾರ್ಡ್ ಡಿಸ್ಕು ಕನ್ನಡ ಮೇಷ್ಟ್ರ ತೊಡೆಯ ಮೇಲೆ, ಅವರ ಶಲ್ಯದಲ್ಲಿ ಸುತ್ತಿಕೊಂಡು ಮೊಳಕಾಲ್ಮೂರಿಗೆ ಹೊರಟಿತು. ಮೊಳಕಾಲ್ಮೂರಿಗೆ ತಿರುಗುವ ಹಾನಗಲ್ಲಿನ ಹತ್ತಿರ ಬಸ್ಸಿನ ಚಕ್ರ ಪಂಕ್ಚರ್ ಆಯಿತು. ಇಬ್ಬರೂ ಇಳಿದು ರಸ್ತೆಯಲ್ಲಿ ನಿಂತು, ಹುಲ್ಲು ಹೇರಿದ ಟ್ರ್ಯಾಕ್ಟರಿಗೆ ಕೈ ಅಡ್ಡ ಹಾಕಿದರು. “ಮೇಷ್ಟ್ರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಟ್ರ್ಯಾಕ್ಟರ್ ಹತ್ತಿದ್ದು ನೋಡಿ ನಂಗೆ ಅಳಾದೋ ನಗಾದೋ ತಿಳೀಲಿಲ್ಲ,” ಎನ್ನುತ್ತಾರೆ ರೂಪ.

ಸಂಘದಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ಮಡಚಿದ ಸೀರೆಗಳು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಕಾಯುತ್ತಿದ್ದವು. ರೂಪ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ತಳಕಿನ ಡಿಸ್ಕನ್ನು ಪಕ್ಕದಲ್ಲಿ ಜೋಡಿಸಿದರು. ಹುಡುಕಿದರು. ಹಳೆಯ ಪ್ಯಾಕೇಜು ಇತ್ತು. ಅದನ್ನು ಕೂರಿಸಹೋದರೆ ಕಂಪ್ಯೂಟರು ಒಪ್ಪಲಿಲ್ಲ. ಜೊತೆಗೆ ಬಂದಿದ್ದ ಇನ್ನೆರಡು ಹೊಸವು ಅದರ ಕೈ ಹಿಡಿದುಕೊಂಡಿದ್ದವು. ಮೂರನ್ನೂ ತೆಗೆದು, ಮೂರರ ಹಳೆಯದನ್ನೂ ಕ್ರಮವಾಗಿ ಹಾಕಬೇಕಿತ್ತು. ಎರಡನೆಯದನ್ನು ತೆಗೆದಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ಮಾಯವಾಗಿ ಖಾಲಿ ಚೌಕಗಳಷ್ಟೇ ಉಳಿದವು. ಮುರುಗೇಂದ್ರಪ್ಪ, “ಇದ್ದಿದ್ದೂ ಹೋತಲ್ಲವ್ವಾ!” ಎಂದು ಕೂಗಿದರು.

“ನೀವು ಒಂದು ಗಳಿಗೆ ಸುಮ್ಕಿರ್ರಿ,” ಎಂದರು ಮಂಗಳಗೌರಿ. ಕಾರ್ಯದರ್ಶಿಗೆ ಅವರು ಹಾಗೆ ಹೇಳಿದ್ದು ಅದೇ ಮೊದಲಂತೆ.

ಮೂರನೆಯದು ಕೂತಿತು. ಕಂಪ್ಯೂಟರು ಆರಿ ಮತ್ತೆ ಹತ್ತಿತು. ಮಂಗಳಗೌರಿ ಕಡತ ತೆರೆದು ಮುದ್ರಣದ ಗುಂಡಿ ಒತ್ತಿದರು. ಹಾಳೆ ಬಂದ ಕೂಡಲೇ ಓಂಕಾರಮೂರ್ತಿ ಅದನ್ನು ಎಳೆದುಕೊಂಡು, ಉತ್ತರಪತ್ರಿಕೆ ತಿದ್ದುವವರ ಹಾಗೆ ಕನ್ನಡಕ ಏರಿಸಿ, ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿದರು. ಎಲ್ಲ ಒತ್ತಕ್ಷರಗಳೂ ತಮ್ಮ ತಮ್ಮ ಜಾಗದಲ್ಲಿದ್ದವು.

ಪಾಲಣ್ಣ ತಮ್ಮ ಚೀಟಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ತಾವೇ ದಾರ ಪೋಣಿಸಿ, ತಾವೇ ನೇಯ್ದ ಸೀರೆಗೆ ಕಟ್ಟಿದರು. “ಬಾಗುಂದಿ ತಲ್ಲೀ, ಬಾಗುಂದಿ,” ಚೆನ್ನಾಗಿದೆ ತಾಯಿ, ಎಂದು ರೂಪ ಅವರ ತಲೆ ಮುಟ್ಟಿದರು. ಸೀರೆಯ ಗಂಟು ಬೆಂಗಳೂರಿನ ಬಸ್ಸು ಹತ್ತಿತು. ಪ್ರದರ್ಶನ ಮುಗಿದ ವಾರದಲ್ಲಿ ಸಂಘಕ್ಕೊಂದು ಫೋನು ಬಂತು. ಯಾರೋ ಮಹಿಳೆ, “ಪಾಲಣ್ಣ ಅನ್ನೋರು ನೇಯ್ದ ಇನ್ನೊಂದು ಸೀರೆ ಸಿಗುತ್ತಾ?” ಎಂದು ಕೇಳಿದರಂತೆ. ಮುರುಗೇಂದ್ರಪ್ಪ ಇದನ್ನು ಆಮೇಲೊಮ್ಮೆ ನನಗೆ ತಾವಾಗಿಯೇ ಹೇಳಿದರು. ಬಳ್ಳಾರಿಯ ಹುಡುಗನನ್ನು ಅವರು ಕರೆಸಲಿಲ್ಲ.

ಬೇರೆಯವರಾಗಿದ್ದರೆ ಇಲ್ಲಿಗೆ ಬಿಡುತ್ತಿದ್ದರೇನೋ. ರೂಪ ಬಿಡಲಿಲ್ಲ. “ನಮ್ಮ ಕಂಪ್ಯೂಟರ್ ಸರಿ ಆತು, ಸರಿ. ಆದ್ರೆ ಅದೇ ಪ್ಯಾಕೇಜು ಬೀದರಿಗೂ ಹೋಗಿರ್ತೈತೆ, ಮಂಗಳೂರಿಗೂ ಹೋಗಿರ್ತೈತೆ. ಅಲ್ಲೂ ಯಾರದೋ ಹೆಸರು ಮುರಿದಿರ್ತೈತೆ,” ಎನ್ನುತ್ತಾರೆ.

ತಪ್ಪು ಕಂಡವರು ತಿಳಿಸಲೆಂದು ಲಿನಕ್ಸ್ ಕಟ್ಟುವವರದೊಂದು ಇಂಟರ್ನೆಟ್ ಪುಟವಿದೆ. ರೂಪ ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದು, ತಪ್ಪಿದ ಚೀಟಿ, ಸರಿಯಾದ ಚೀಟಿ ಎರಡರ ಚಿತ್ರವನ್ನೂ ಕಳಿಸಿದರು. ಆ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದದ್ದು ಪೋಲೆಂಡಿನ ಮಾರೆಕ್ ಎಂಬಾತ. ಕೆಲವು ದಿನಗಳಾದ ಮೇಲೆ ಉತ್ತರ ಬಂತು. ನೀವು ಕಳಿಸಿದ ಎರಡು ಚಿತ್ರಗಳಲ್ಲಿ ಸರಿಯಾದದ್ದು ಯಾವುದು, ತಪ್ಪಿರುವುದು ಯಾವುದು ಎಂದು ಆತ ಕೇಳಿದ್ದ. ನನಗೆ ನಿಮ್ಮ ಲಿಪಿ ಬಾರದು, ನೀವು ನೋಡಿ ಹೇಳುವುದಾದರೆ ನಾನು ತಿದ್ದುತ್ತೇನೆ ಎಂದೂ ಬರೆದಿದ್ದ.

ಮರುದಿನವೇ ರೂಪ ಚೀಟಿಗಳನ್ನು ಸ್ಕ್ಯಾನ್ ಮಾಡಿ, ತಪ್ಪಿದ್ದ ಕಡೆಗೆಲ್ಲ ಕೆಂಪು ಸುತ್ತು ಹಾಕಿ, ಒತ್ತು ಎಲ್ಲಿ ಕೂರಬೇಕೆಂದು ಬಾಣ ಬರೆದು ಕಳಿಸಿದರು. ಮಾರೆಕ್ ತಿದ್ದಿ ಕಳಿಸಿದ. ರೂಪ ಕೇಂದ್ರದ ಒಂದು ಕಂಪ್ಯೂಟರಿಗೆ ಹಾಕಿ ನೇಕಾರರ ಹೆಸರನ್ನೆಲ್ಲ ಮುದ್ರಿಸಿದರು. ಊರು ಸರಿಯಾಗಿತ್ತು, ಹೆಸರುಗಳು ಸರಿಯಾಗಿದ್ದವು. ಜಿಲ್ಲೆಯ ಹೆಸರು ಬಂದಾಗ ನಿಂತರು. ‘ಚಿತ್ರದುರ್ಗ’ದ ಅರ್ಕಾವೊತ್ತು ಗಕಾರದ ಮುಂದಕ್ಕೆ ಹೋಗದೆ ಹಿಂದೆಯೇ ಉಳಿದಿತ್ತು.

“ಪಾಪ, ಅವನು ಅಷ್ಟು ಮಾಡಿದಾನೆ, ಇದೊಂದು ಹೋಗ್ಲಿ ಅಂತ ಒಂದ್ಸಲ ಅನ್ನಿಸ್ತು. ಆಮ್ಯಾಲೆ ಓಂಕಾರಮೂರ್ತಿ ಸರ್‌ಗೆ ತೋರಿಸಿದೆ. ಅವರು, ‘ದುರ್ಗನೇ ತಪ್ಪಾದ ಮ್ಯಾಲೆ ಇನ್ನೇನು ಸರಿಯಾದಂಗಾತು, ಬರಿ ಅವನಿಗೆ’ ಅಂದ್ರು.”

ಬರೆದರು. ಆತ ಮತ್ತೆ ತಿದ್ದಿದ. ಮತ್ತೆ ಪರೀಕ್ಷೆ. ಈ ಮಧ್ಯೆ ಹದಿನಾಲ್ಕು ಕಡೆಗಳಲ್ಲೂ ಆ ಒಂದು ಪ್ಯಾಕೇಜನ್ನು ಮುಟ್ಟದಂತೆ ಕಟ್ಟಿಹಾಕಿ, ಉಳಿದವನ್ನಷ್ಟೇ ಹೊಸದಾಗಿಸುತ್ತ ತಿರುಗಿದರು. ದೀಪಾವಳಿಯ ಹಿಂದಿನ ವಾರ, ಬೆಳಿಗ್ಗೆ ಷಟರ್ ಎತ್ತಿ ಬಂದು ನೋಡಿದಾಗ, ರಾತ್ರಿ ಇಳಿದ ಕಟ್ಟಿನಲ್ಲಿ ತಿದ್ದಿದ ಪ್ಯಾಕೇಜು ಇತ್ತು. ಏನೇನು ಬದಲಾಗಿದೆ ಎಂದು ಪ್ರತಿ ಪ್ಯಾಕೇಜಿನ ಜೊತೆ ಒಂದೆರಡು ಸಾಲು ಬರೆದಿರುತ್ತಾರೆ. ಅದರಲ್ಲಿ ಕನ್ನಡದ ಒತ್ತಕ್ಷರ ಸರಿಪಡಿಸಲಾಗಿದೆ, ತಪ್ಪು ತೋರಿಸಿ ಪರೀಕ್ಷಿಸಿದವರು ಚಳ್ಳಕೆರೆಯ ರೂಪ, ಅವರಿಗೆ ವಂದನೆ ಎಂದಿತ್ತು.

ಆ ಸಾಲನ್ನು ಸಿದ್ದಲಿಂಗೇಶ್ ಮುದ್ರಿಸಿ ಕೇಂದ್ರದ ಗೋಡೆಗೆ ಅಂಟಿಸಿದ್ದಾರೆ. ಮಗಳ ಹೆಸರು ಪರದೇಶದವರ ಬರಹದಲ್ಲಿ ಬಂದಿದೆ ಎಂದು ಕೇಳಿ ಬೊಮ್ಮಕ್ಕ ನನ್ನಿವಾಳದಿಂದ ಬಂದು ನೋಡಿ ಹೋದರಂತೆ. ಅವರಿಗೆ ಓದು ಬಾರದು. “ಯಾವುದು ನಿನ್ನ ಹೆಸರು, ಬೆರಳಿಟ್ಟು ತೋರಿಸು,” ಎಂದರಂತೆ. ರೂಪ ತೋರಿಸಿದರು. ಅವ್ವ ಅದನ್ನು ಸವರಿ, “ಗಿಡ್ಡಕೈತಲ್ಲೇ,” ಎಂದರಂತೆ.

ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಸಂಸ್ಥೆಯ ನೆರವು ಯಾವ ವರ್ಷ ನಿಲ್ಲುತ್ತದೋ ತಿಳಿಯದು. ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದರೆ ರೂಪ ಮಾತು ತೇಲಿಸುವುದಿಲ್ಲ, ಯೋಚಿಸಿಯೇ ಉತ್ತರಿಸುತ್ತಾರೆ. “ಅಷ್ಟರಾಗೆ ಒಂದೊಂದು ಕಡೆ ಒಬ್ಬೊಬ್ರಿಗೆ ಕಲಿಸಿಬಿಡಬೇಕು ಸರ್. ನಾನಿಲ್ಲ ಅಂದ್ರೂ ನಡೀಬೇಕು. ನನ್ನಾಸೆ ಅದೊಂದೇ.”

ಆ ಆಸೆ ಸಣ್ಣದಾಗಿ ಶುರುವಾಗಿದೆ. ಈ ತಿಂಗಳು ಮೊಳಕಾಲ್ಮೂರಿನ ಸಂಘಕ್ಕೂ ಬ್ರಾಡ್‌ಬ್ಯಾಂಡ್ ಬಂದಿದೆ. ಮಂಗಳಗೌರಿ ಎರಡು ಸಲ ರೂಪ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಅಪ್‌ಡೇಟ್ ಹಾಕಿದ್ದಾರೆ. ಎರಡು ಸಲವೂ ಹೆಜ್ಜೆಹೆಜ್ಜೆಗೂ ಕೇಳಿ ಕೇಳಿ ಒತ್ತಿದರಂತೆ. ನಾವು ಅಂದು ಬಸ್ಸು ಹತ್ತಿದ್ದು ಮೂರನೆಯ ಸಲಕ್ಕೆ ಅವರ ಪಕ್ಕ ಕೂರಲೆಂದು. ಬಸ್ಸು ತಳಕು ದಾಟಿ ಹಿರೇಹಳ್ಳಿಯಲ್ಲಿ ನಿಂತಾಗ ರೂಪ ಅವರ ಮೊಬೈಲು ಬಡಿದುಕೊಂಡಿತು. ಆ ಕಡೆಯ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು.

“ರೂಪಾ, ಎಲ್ಲಿದೀಯೇ? ಆತು ಕಣೆ! ನಾನೇ ಹಾಕಿದೆ. ಒಂದು ಕಡೆ ಹೌದೋ ಅಲ್ಲವೋ ಅಂತ ಕೇಳ್ತು, ಓದಿ ನೋಡಿ ಹೌದು ಅಂದೆ. ಮುದ್ರಿಸಿ ನೋಡಿದೆ, ಎಲ್ಲ ಸರಿ ಐತೆ. ನೀನು ಬರಬ್ಯಾಡ.”

“ನಿಜವಾಗ್ಲೂ ಬರಬ್ಯಾಡವಾ ಅಕ್ಕಾ?”

“ಬ್ಯಾಡ ಅಂದ್ನಲ್ಲೇ! ನಿಂಗೆ ಬೇರೆ ಕೆಲಸ ಇಲ್ವಾ?”

ರೂಪ ಫೋನು ಚೀಲಕ್ಕೆ ಸೇರಿಸಿದರು. ಕಂಡಕ್ಟರ್ ರೈಟ್ ಅನ್ನುವ ಮುಂಚೆ ಚೀಲ ಎತ್ತಿಕೊಂಡು ಎದ್ದರು. ಮುಖದ ತುಂಬ ನಗು.

“ಇಳೀರಿ ಸರ್, ಇಲ್ಲೇ ಇಳಿಯಾಣ. ಬರಬ್ಯಾಡ ಅಂತಾರೆ ನೋಡ್ರಿ ನಂಗೆ! ಈ ಮಾತು ಕೇಳಾಕೆ ನಾಕು ವರ್ಷ ಓಡಾಡೀನಿ.”